ಆರೋಗ್ಯದ ಮಾತು: ಮೈಯೆಲ್ಲ ನೋವು

ಮಾಟುಂಗದ ಸೋದರಿಯೊಬ್ಬರು ಬರೆದಿದ್ದಾರೆ: “ಥೈರಾಯಿಡ್ ದೋಷಕ್ಕೆಂದು 4 ವರ್ಷಗಳಿಂದ ಮಾತ್ರೆ ನುಂಗುತ್ತಿದ್ದೇನೆ. ಆದರೂ ಬೆಳಿಗ್ಗೆ ಏಳುವಾಗ ಮೈಯೆಲ್ಲ ನೋವು. ಈಗ ಫೈಬ್ರೊಮಯಾಲ್ಜಿಯ ಎನ್ನುತ್ತಾರೆ. ಎರಡೂ ಒಂದೇ ರೋಗವೇ? ಮಾತ್ರೆ ಹೆಚ್ಚಿಸಲೇ?”

ಒಂದೇ ಅಲ್ಲ. ಆದರೆ ನೋಡಲು ಅವಳಿಜವಳಿ, ವೈದ್ಯರೂ ತಡವರಿಸುವುದುಂಟು.

ಕೊರಳಿನ ಥೈರಾಯಿಡ್ ಗ್ರಂಥಿಯ ರಸ ಕಡಿಮೆಯಾದರೆ ದೇಹದ ಒಲೆಯೇ ಮಂದವಾಗುತ್ತದೆ. ದಣಿವು, ಸ್ನಾಯುಗಳಲ್ಲಿ ನೋವು, ಬಿಗಿತ, ಮರೆವು ಬರುತ್ತವೆ. ಫೈಬ್ರೊಮಯಾಲ್ಜಿಯದಲ್ಲಿಯೂ ಬಹುಪಾಲು ಇವೇ. ಮೊದಲನೆಯದು ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ: ಸೋತ ಗ್ರಂಥಿಯನ್ನು ಹುರಿದುಂಬಿಸಲು ಪಿಟ್ಯುಟರಿ ಕಳಿಸುವ ಟಿ.ಎಸ್.ಎಚ್. ಏರಿರುತ್ತದೆ. ಎರಡನೆಯದಕ್ಕೆ ರಕ್ತದಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಗುರುತಿಲ್ಲ. ನೋವಿನ ಸುದ್ದಿಯನ್ನು ಮಿದುಳು ಹಿಗ್ಗಿಸಿ ಕೇಳುತ್ತದೆ, ರೇಡಿಯೋದ ಗುಂಡಿಯನ್ನು ಯಾರೋ ಪೂರ್ತಿ ತಿರುಗಿಸಿಟ್ಟಂತೆ. 1990ರ ನಿಯಮದಂತೆ ಮೈಯ 18 ಸ್ಥಳಗಳನ್ನು ಒತ್ತಿ, 11ರಲ್ಲಾದರೂ ನೋವಿದೆಯೇ ಎಂದು ನೋಡುತ್ತಿದ್ದರು. 2010ರಲ್ಲಿ, ನೋವು ಎಲ್ಲೆಲ್ಲಿ ಹರಡಿದೆ, ನಿದ್ರೆ ಹೇಗೆ, ದಣಿವೆಷ್ಟು ಎಂದು ಕೇಳಿ ನಿರ್ಧರಿಸುವ ಕ್ರಮ ಬಂತು. ಇವು 3 ತಿಂಗಳಾದರೂ ಇದ್ದಿರಬೇಕು.

ಪರೀಕ್ಷೆಯಲ್ಲಿ ಏನೂ ಕಾಣದೆಂಬ ಒಂದೇ ಕಾರಣಕ್ಕೆ “ಕೆಲಸ ತಪ್ಪಿಸುವ ನೆಪ” ಎಂದು ಮನೆಯವರು ಆಡುವುದನ್ನು ಬೇಕಾದಷ್ಟು ಕೇಳಿದ್ದೇನೆ. ಆಡುವವರು ಆಕೆಯ ಹಾಗೆ ಒಂದು ರಾತ್ರಿ ಮಲಗಿ ನೋಡಲಿ.

ಎರಡೂ ಒಬ್ಬರಲ್ಲೇ ಕೂಡಿರಬಹುದು. 1912ರಲ್ಲಿ ಜಪಾನಿನ ವೈದ್ಯ ಹಾಷಿಮೊಟೊ ವರ್ಣಿಸಿದ ರೋಗವೊಂದಿದೆ. ದೇಹದ ಕಾವಲುಪಡೆಯೇ ಥೈರಾಯಿಡ್ ಗ್ರಂಥಿಯನ್ನು ಹೊಡೆಯುವ ರೋಗವದು. ಅದು ಉಳ್ಳವರಲ್ಲಿ ಫೈಬ್ರೊಮಯಾಲ್ಜಿಯ ಇತರರಿಗಿಂತ ಹೆಚ್ಚಾಗಿ ಕಾಣುತ್ತದೆ. ಒಂದರಿಂದ ಇನ್ನೊಂದು ಹುಟ್ಟುತ್ತದೆಂದು ಮಾತ್ರ ಸಿದ್ಧವಾಗಿಲ್ಲ.

ಆದುದರಿಂದ ಮೊದಲು ಟಿ.ಎಸ್.ಎಚ್. ನೋಡಿಸಬೇಕು. ಇನ್ನೂ ಏರಿದ್ದರೆ, ಮಾತ್ರೆ ನುಂಗುವ ಕ್ರಮವನ್ನೇ ಸಂಶಯಿಸಿ. ನಮ್ಮವರಲ್ಲಿ ತಪ್ಪಿತಸ್ಥ ಬಹುಮಟ್ಟಿಗೆ ಬೆಳಗಿನ ಕಾಫಿ! ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾದು ಕಾಫಿ ಕುಡಿಯಿರಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ 4 ಗಂಟೆ ಅಂತರವಿರಲಿ. 6ರಿಂದ 8 ವಾರ ಕಳೆದು ಮತ್ತೆ ರಕ್ತ ತೋರಿಸಿ.

ಟಿ.ಎಸ್.ಎಚ್. ಸರಿಯಿದ್ದೂ ನೋವು ಉಳಿದರೆ, ನೀವಾಗಿ ಮಾತ್ರೆ ಹೆಚ್ಚಿಸಲೇಬೇಡಿ. ನೋವು ಹೋಗದು, ಎದೆಯ ಬಡಿತದ ತಾಳ ತಪ್ಪೀತು, ಮೂಳೆ ಸವೆದೀತು. ಫೈಬ್ರೊಮಯಾಲ್ಜಿಯದ ಮದ್ದೇ ಬೇರೆ. ನಿದ್ರೆ ಕೂಡಿಸಲು, ನೋವು ತಗ್ಗಿಸಲು ವೈದ್ಯರು ಅಮಿಟ್ರಿಪ್ಟಿಲೀನ್‌ನಂಥ ಔಷಧವನ್ನು ಸಣ್ಣ ಪ್ರಮಾಣದಲ್ಲಿ ರಾತ್ರಿ ಕೊಡುವುದುಂಟು. ಅದಕ್ಕಿಂತ ಗಟ್ಟಿಯಾದದ್ದು ದಿನದ ನಡಿಗೆ. ಮೊದಲ ವಾರ 5 ನಿಮಿಷ ಸಾಕು, ಆಮೇಲೆ ಮೆಲ್ಲಮೆಲ್ಲಗೆ ಏರಿಸಿ. ಹಾದಿಯಲ್ಲಿ ಗದ್ದಲವಾದರೆ ಚಾಳಿನ ಉದ್ದನೆಯ ಮೊಗಸಾಲೆಯೂ ಆದೀತು.