ಪರದೆ ಮೇಲಿನ ಹೊಲಕ್ಕೂ ಎಕರೆವಾರು ಲೆಕ್ಕ ಯಾಕೆ?

ಬೇಸಾಯದ ಆಟ ಆಡೋರಲ್ಲಿ ಎರಡು ಪಂಗಡ. ಒಂದು, ಪಕ್ಕದಲ್ಲಿ ಎಕ್ಸೆಲ್ ಹಾಳೆ ತೆರೆದಿಟ್ಟುಕೊಂಡು ಯಾವ ಬೆಳೆಗೆ ದಿನಕ್ಕೆ ಎಷ್ಟು ಕಾಸು ಗಿಟ್ಟುತ್ತೆ ಅಂತ ಗುಣಿಸಿ ಭಾಗಿಸಿ ಆಡೋರು. ಇನ್ನೊಂದು, ನಾಲ್ಕು ಗಿಡಕ್ಕೆ ನೀರು ಹಾಕಿ, ಹೊಳೆ ದಡದಲ್ಲಿ ಗಾಳ ಹಾಕಿಕೊಂಡು ಸಂಜೆ ಮಾಡೋರು. ನಾನು ಎರಡನೇ ಪಂಗಡ ಅಂತ ಮೊದಲೇ ಹೇಳಿಬಿಡ್ತೀನಿ. ಸೋಮಾರಿ ಅಂತ ತೀರ್ಮಾನ ಮಾಡೋ ಮುಂಚೆ ಸ್ವಲ್ಪ ಕೇಳಿ :)

ಮಾತು ಮುಖ್ಯವಾಗಿ ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ. 2016ರ ಫೆಬ್ರುವರಿಯಲ್ಲಿ ಬಂದ ಆಟ ಇದು. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಮೇಲೆ ಕೂತು ಚಿತ್ರ, ಸಂಗೀತ, ಪ್ರೋಗ್ರಾಮು ಎಲ್ಲಾ ತಾನೇ ಮಾಡಿದ್ದು. ಕತೆ ಶುರುವಾಗೋದು ಹೀಗೆ: ಜೋಜಾ ಅನ್ನೋ ದೊಡ್ಡ ಕಂಪನಿಯ ಆಫೀಸಲ್ಲಿ ಕಂಪ್ಯೂಟರ್ ಮುಂದೆ ಸವೆದು ಹೋಗ್ತಿರೋ ನೀವು, ತಾತ ಬಿಟ್ಟುಹೋದ ಕಾಗದ ಒಡೆದು ಓದಿ, ಕೆಲಸ ಬಿಟ್ಟು ಅವರ ಹಾಳುಬಿದ್ದ ಜಮೀನಿಗೆ ಬರ್ತೀರಿ. ಈ ಜಾತಿಯ ಆಟಗಳಿಗೆಲ್ಲ ಹಿರಿಯಣ್ಣ 1996ರಲ್ಲಿ ಜಪಾನಿನಲ್ಲಿ ಬಂದ ಹಾರ್ವೆಸ್ಟ್ ಮೂನ್. ಅದನ್ನ ಮಾಡಿದ ಯಾಸುಹಿರೋ ವಾಡಾ ಕೂಡ ಹಳ್ಳಿಯಿಂದ ಟೋಕಿಯೋಗೆ ಹೋಗಿ ಕೆಲಸಕ್ಕೆ ಸೇರಿದವರೇ. ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ಹೋಗಿ ಸೇರಿರೋ ನಮ್ಮಂಥವರಿಗೆ ಇದರ ಒಳಗುಟ್ಟು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ತಮಾಷೆ ನೋಡಿ. ಆಫೀಸಿನ ಟಾರ್ಗೆಟ್ ಸಾಕಾಗಿ ಹಳ್ಳಿಗೆ ಬಂದ ಪಾತ್ರದ ಕೈಯಲ್ಲಿ ನಮ್ಮ ಜನ ಮಾಡಿಸೋದೇನು? ಮತ್ತೆ ಟಾರ್ಗೆಟ್! ಆಟದ ಒಂದು ದಿನ ಬೆಳಿಗ್ಗೆ ಆರರಿಂದ ರಾತ್ರಿ ಎರಡರವರೆಗೆ. ನಮ್ಮ ಗಡಿಯಾರದಲ್ಲಿ ಅದು ಹತ್ತಿರ ಹತ್ತಿರ 14 ನಿಮಿಷ. ಆ 14 ನಿಮಿಷದಲ್ಲಿ ಒಂದು ಹೆಜ್ಜೆಯೂ ದಂಡ ಆಗಬಾರದು ಅಂತ ದಾರಿ ಅಳೆಯೋರಿದ್ದಾರೆ. ಊರಿನ ಜನರನ್ನ ಮಾತಾಡಿಸೋದೂ ಉಡುಗೊರೆಯ ಲೆಕ್ಕದ ಮೇಲೆ.

ಅದಕ್ಕೆ ಅವರು ಕೊಡೋ ಕಾರಣ, ಮೂರನೇ ವರ್ಷದ ಮೊದಲ ದಿನ ತಾತ ಬಂದು ಮೊಮ್ಮಗನ ಕೆಲಸಕ್ಕೆ ಅಂಕ ಹಾಕ್ತಾರೆ ಅನ್ನೋದು. ಸರಿ, ಆ ಅಂಕಪಟ್ಟಿಯನ್ನೇ ನೋಡೋಣ. ಒಟ್ಟು 21 ಅಂಕ. ದುಡ್ಡಿಗೆ ಇರೋದು ಬರೀ 7, ಅದೂ ಹತ್ತು ಲಕ್ಷ ದುಡಿದರೆ. ಮಿಕ್ಕಿದ್ದು ಸ್ನೇಹ, ಮದುವೆ, ಮನೆ, ಸಾಕುಪ್ರಾಣಿ, ಊರಿನ ಸಮುದಾಯ ಭವನ ಇತ್ಯಾದಿಗಳಿಗೆ. ನಾಲ್ಕು ದೀಪ ಪೂರ್ತಿ ಹತ್ತೋಕೆ 12 ಸಾಕು. ಆಗ ಸಿಗಲಿಲ್ಲವೋ, ಒಂದು ವಜ್ರ ಇಟ್ಟು ಯಾವತ್ತು ಬೇಕಾದರೂ ತಾತನನ್ನ ಮತ್ತೆ ಕರೆಸಬಹುದು. ಅಂದ್ರೆ ಆಟ ಮಾಡಿದವನಿಗೇ ಇಲ್ಲದ ಅವಸರ ಆಡೋರಿಗೆ!

ಎಲ್ಲ ಆಟವೂ ಹೀಗೆ ಕಾಯಲ್ಲ, ಅದೂ ನಿಜ. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಬಂದಿತ್ತಲ್ಲ, ನೆನಪಿದೆಯಾ? ಸ್ಟ್ರಾಬೆರಿ ಹಾಕಿದರೆ ನಾಲ್ಕು ಗಂಟೆಯಲ್ಲಿ ಕುಯ್ಲು. ಹೊತ್ತಿಗೆ ಸರಿಯಾಗಿ ಹೋಗಿ ಕಿತ್ತುಕೊಳ್ಳದಿದ್ದರೆ ಬೆಳೆ ಬಾಡಿ ಹೋಗೋದು. ಅಲಾರಂ ಇಟ್ಟು ಎದ್ದು ಕುಯ್ಲು ಮಾಡಿದವರು ಈ ಓದುಗರಲ್ಲೇ ಇರಬೇಕು, ಹೆಸರು ಹೇಳಲ್ಲ ಬಿಡಿ. 2020ರ ಡಿಸೆಂಬರ್ 31ಕ್ಕೆ ಅದನ್ನ ಮುಚ್ಚಿದರು. ಅಲ್ಲಿ ನಿಧಾನ ಅನ್ನೋದಕ್ಕೆ ದಂಡ ಇತ್ತು. ಸ್ಟಾರ್‌ಡ್ಯೂ ಹಾಗಲ್ಲ, ಆಟ ಮುಚ್ಚಿಟ್ಟು ಒಂದು ತಿಂಗಳು ಬಿಟ್ಟು ಬಂದರೂ ಗಿಡ ಹಾಗೇ ನಿಂತಿರುತ್ತೆ. ಈ ಒಂದು ಸವಲತ್ತನ್ನ ಕೊಟ್ಟ ಮೇಲೂ ಓಡೋದು ಯಾಕೆ ಅನ್ನೋದೇ ನನ್ನ ತಕರಾರು.

ಇನ್ನೊಂದು, ಇದೇ ಮುಖ್ಯ. ಎಕ್ಸೆಲ್ ಹಾಳೆ ಅಲ್ಲಿ ನಡೆಯೋದೇ ಅಲ್ಲಿ ನಷ್ಟ ಅನ್ನೋದು ಹೆಚ್ಚು ಕಮ್ಮಿ ಇಲ್ಲದಿರೋದರಿಂದ. ಪಾರ್ಸ್‌ನಿಪ್ ಅನ್ನೋ ಗೆಡ್ಡೆಯ ಬೀಜಕ್ಕೆ 20 ಕಾಸು, ನಾಲ್ಕು ದಿನಕ್ಕೆ ಬೆಳೆ, ಮಾರಿದರೆ 35. ಹತ್ತು ತಂದು ಸುರಿದರೂ 35, ಸಾವಿರ ತಂದು ಸುರಿದರೂ 35. ಟಿವಿ ನಾಳೆ ಮಳೆ ಅಂದರೆ ನಾಳೆ ಮಳೆಯೇ. ಕೂಲಿ ಆಳು ಬೇಕಿಲ್ಲ. ಬೋರು ಬತ್ತಲ್ಲ. ಇಂಥ ಕಡೆ ಇಡೀ ಹೊಲಕ್ಕೆ ಒಂದೇ ಬೆಳೆ ಹಾಕಿ ಗೆಲ್ಲೋದರಲ್ಲಿ ಅಂಥ ಜಾಣತನ ಏನಿದೆ?

ನಮ್ಮ ಕೊತ್ತಗೆರೆ ಕಡೆ ರಾಗಿ ಹೊಲ ನೋಡಿದವರಿಗೆ ಅಕ್ಕಡಿ ಸಾಲು ಗೊತ್ತಿರುತ್ತೆ. ಏಳೆಂಟು ಸಾಲು ರಾಗಿಗೆ ಒಂದು ಸಾಲು ಅವರೆನೋ ತೊಗರಿನೋ, ನಡುವೆ ಹುಚ್ಚೆಳ್ಳು, ಅಂಚಿಗೆ ಜೋಳ. ಜಿಪಿಯು-28 ರಾಗಿ ಅಂದರೆ 110-115 ದಿನದ ಬೆಳೆ. ನಡುವೆ ಮಳೆ ಕೈಕೊಟ್ಟು ರಾಗಿ ಸೊರಗಿದರೂ ಬೇರು ಆಳಕ್ಕೆ ಬಿಟ್ಟ ತೊಗರಿ ತಡಕೊಳ್ಳುತ್ತೆ. ರಾಗಿ ಕುಯ್ದ ಮೇಲೆ ಚಳಿಗಾಲದ ಇಬ್ಬನಿಗೆ ಅವರೆ ಸೊಗಡು ಕಟ್ಟುತ್ತೆ. ಹುಲ್ಲು ದನಕ್ಕೆ, ಕಾಳು ಸಾರಿಗೆ. ಎಕರೆಗೆ ಎಷ್ಟು ಕ್ವಿಂಟಾಲ್ ರಾಗಿ ಅಂತ ಮಾತ್ರ ಕೇಳಿದರೆ ಇದು ದಡ್ಡ ಬೇಸಾಯ. ಕೆಟ್ಟ ವರ್ಷದಲ್ಲೂ ಮನೆಯಲ್ಲಿ ಊಟಕ್ಕೆ ಏನಿರುತ್ತೆ ಅಂತ ಕೇಳಿದರೆ ಇದಕ್ಕಿಂತ ದಕ್ಷವಾದದ್ದು ನಾನಂತೂ ಕಾಣೆ. ಲೆಕ್ಕ ಎರಡರಲ್ಲೂ ಇದೆ, ಏನನ್ನ ಎಣಿಸ್ತೀರಿ ಅನ್ನೋದರಲ್ಲಿ ವ್ಯತ್ಯಾಸ.

ಇದು ಬರೀ ಆಟದ ಜಗಳವಾಗಿದ್ದರೆ ಇಷ್ಟುದ್ದ ಬರೀತಿರಲಿಲ್ಲ. ನಮ್ಮಕ್ಕನ ಮಗ ಈ ಆಟದಲ್ಲಿ ಭಾರೀ ಪಂಟ. ಹೋದ ಸಲ ಊರಿಗೆ ಹೋದಾಗ ಅದೇ ತರ ಒಂದು ಹಾಳೆ ಮಾಡಿ ಅವರಪ್ಪನಿಗೆ ತೋರಿಸ್ತಿದ್ದ. ಇರೋ ಎರಡು ಎಕರೆ ಹೊಲಕ್ಕೆ ಪೂರ್ತಿ ಅಡಿಕೆ. "ರಾಗಿಲಿ ಏನಿದೆ ಮಾವ, ನೀವೇ ನೋಡಿ" ಅಂತ ಮೊಬೈಲು ನನ್ನ ಕಡೆಗೂ ಹಿಡಿದ.

ಹುಡುಗ ಹೇಳೋದು ಸುಳ್ಳೇನಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4886 ರೂಪಾಯಿ. ಅಡಿಕೆ ಧಾರಣೆ ಮುಂದೆ ಅದು ಏನೇನೂ ಅಲ್ಲ. ಕಳೆ ಕೀಳೋಕೆ ಆಳು ಸಿಗಲ್ಲ ಅನ್ನೋದೂ ನಿಜ. ನಾನು ಕೇಳಿದ್ದು ಇಷ್ಟೇ: "ಲೋ, ಈ ಹಾಳೇಲಿ ಬೋರು ನಿಂತು ಹೋದ ವರ್ಷಕ್ಕೆ ಯಾವ ಕಾಲಂ ಇಟ್ಟಿದೀಯ? ಗಿಡ ಫಸಲಿಗೆ ಬರೋವರೆಗಿನ ಐದಾರು ವರ್ಷ ಊಟಕ್ಕೆ ಎಲ್ಲಿ ಬರೆದಿದೀಯ? ಎಲ್ಲರೂ ಅಡಿಕೆನೇ ಹಾಕಿದರೆ ಧಾರಣೆ ಹೀಗೇ ಇರುತ್ತಾ?" ಆಟದಲ್ಲಿ ಆ ಕಾಲಂಗಳೇ ಇಲ್ಲವಲ್ಲ, ಅವನಾದರೂ ಎಲ್ಲಿಂದ ತರ್ತಾನೆ. ನಮ್ಮ ಬಾವ ಬಾಯಿ ಬಿಡಲಿಲ್ಲ, ಎಲೆ ಅಡಿಕೆ ಹಾಕ್ಕೊಂಡು ಸುಮ್ನೆ ಕೂತಿದ್ದರು.

ಈ ಆಟ ಆಡಿ ಮಕ್ಕಳು ಬೇಸಾಯ ಕಲೀತಾರೆ ಅನ್ನೋರಿಗೆ ಅದಕ್ಕೇ ನಾನು ತಲೆದೂಗಲ್ಲ. ನಿಜವಾದ ಹೊಲ ಯಾವತ್ತೂ ಕೊಡದೇ ಇರೋದನ್ನ ಆಟ ಕೊಡುತ್ತೆ: ಕೈಕಟ್ಟಿ ಕೂತರೂ ಸಾಲ ಬೆಳೆಯದ ಒಂದು ಜಮೀನು. ಅದಕ್ಕಾಗಿ ಆಡ್ತೀನಿ ನಾನು. ನನ್ನದು ಈಗ ನಾಲ್ಕನೇ ವರ್ಷ, ಇನ್ನೂ ಅರ್ಧ ಜಮೀನಲ್ಲಿ ಕಲ್ಲು, ಕಳೆ, ಬೊಡ್ಡೆಗಳೇ ಇವೆ. ಕೆರೆ ಪಕ್ಕದ ಒಂದು ಚೂರಲ್ಲಿ ಸಾಲು ಬಿಟ್ಟು ಸಾಲು ಬೇರೆ ಬೇರೆ ಬೆಳೆ ಹಾಕಿದೀನಿ. ಆಟದಲ್ಲಿ ಅದರಿಂದ ನಯಾಪೈಸೆ ಲಾಭ ಇಲ್ಲ, ನೋಡೋಕೆ ಚೆನ್ನಾಗಿದೆ ಅಷ್ಟೆ.

ಊರಿನ ಸಮಾಚಾರ ಅಂದ್ರೆ, ಒಂದು ಎಕರೆಗೆ ಅಡಿಕೆ ಗುಂಡಿ ತೆಗೆಸಿ ಆಗಿದೆ. ಇನ್ನೊಂದು ಎಕರೆ ಬಗ್ಗೆ ಮಾತುಕತೆ ನಡೀತಾನೇ ಇದೆ. ಅವರೆಕಾಯನ್ನ ಅಂಗಡಿಯಿಂದ ತರೋ ಕಾಲ ಬಂದರೆ ಆ ಮೊಬೈಲನ್ನ ಒಲೆಗೆ ಹಾಕ್ತೀನಿ ಅಂತ ಅಕ್ಕ ಅಂದಿದ್ದಾಳೆ.