ಹೊರಗಿನವನೆಂಬ ಭೂತ

ಪತ್ತೇದಾರಿ ಆಟವೆಂಬ ಹೆಸರಿನಲ್ಲಿ ನಮ್ಮ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ರಾತ್ರಿಯೆಲ್ಲ ಭೂತಪ್ರೇತಗಳ ಸಹವಾಸ ಮಾಡುತ್ತಿದ್ದಾರೆ, ಇದರ ವಿರುದ್ಧ ಸಂಘವು ಒಂದು ಠರಾವು ಮಾಡಿ ಮನೆಮನೆಗೂ ಕಳಿಸಬೇಕು ಎಂಬ ಮಾತು ಖರಾಡಿ ಭಾಗದ ಸದಸ್ಯರಲ್ಲಿ ಕೆಲವು ತಿಂಗಳಿಂದ ಓಡಾಡುತ್ತಿದೆ. ಹೀಗೆನ್ನುವವರ ಕಳಕಳಿಯನ್ನು ನಾವು ಶಂಕಿಸುವುದಿಲ್ಲ. ಠರಾವನ್ನು ಮಾತ್ರ ವಿರೋಧಿಸುತ್ತೇವೆ. ಹಾಗೆಂದು ಹುಡುಗರ ಪರವಾಗಿ ವಕಾಲತ್ತು ಹಾಕಿದ್ದೇವೆಂದು ಯಾರೂ ತಿಳಿಯಬೇಡಿ. ಆ ಆಟದಲ್ಲಿ ವಿಷ ಉಂಟು. ಹಿರಿಯರು ಬೆರಳು ಮಾಡಿ ತೋರಿಸುತ್ತಿರುವುದು ಒಂದು ಕಡೆ, ವಿಷ ಇರುವುದು ಇನ್ನೊಂದು ಕಡೆ. ನಮ್ಮ ಜಗಳ ಇಷ್ಟೇ.

ಆಟದ ಹೆಸರು 'ದಿ ಸಿಂಕಿಂಗ್ ಸಿಟಿ', ಅಂದರೆ ಮುಳುಗುತ್ತಿರುವ ನಗರ. ಉಕ್ರೇನಿನ ಕೀವ್ ನಗರದ ಫ್ರಾಗ್‌ವೇರ್ಸ್ ಎಂಬ ಕಂಪನಿ 2019ರ ಜೂನ್ ತಿಂಗಳಲ್ಲಿ ಹೊರತಂದದ್ದು. ಷರ್ಲಾಕ್ ಹೋಮ್ಸನ ಆಟಗಳಿಗೆ ಹೆಸರಾದ ಕಂಪನಿ ಇದು. ಹೋಮ್ಸನನ್ನು ಕ್ತುಲು ಎಂಬ ಕಡಲದೈವದ ಆರಾಧಕರ ಬೆನ್ನು ಹತ್ತಿಸುವ ಹಳೆಯ ಆಟವೊಂದನ್ನು, ತಮ್ಮ ಊರಿನ ಮೇಲೆ ಬಾಂಬು ಬೀಳುತ್ತಿದ್ದ ದಿನಗಳಲ್ಲಿಯೇ ಹೊಸದಾಗಿ ಕಟ್ಟಿ 2023ರ ಏಪ್ರಿಲಿನಲ್ಲಿ ಬಿಡುಗಡೆ ಮಾಡಿದರು. ಆ ಛಲಕ್ಕೆ ಒಂದು ನಮಸ್ಕಾರ ಹೇಳಿ ಮುಂದಕ್ಕೆ ಹೋಗೋಣ. ಮುಳುಗುವ ನಗರದ ಕಥೆ ನಡೆಯುವುದು 1920ರ ದಶಕದ ಅಮೆರಿಕೆಯಲ್ಲಿ. ಓಕ್‌ಮಾಂಟ್ ಎಂಬ ಕಲ್ಪಿತ ಊರು. ಕಾರಣ ತಿಳಿಯದ ಪ್ರವಾಹದಲ್ಲಿ ಅರ್ಧ ಮುಳುಗಿದೆ. ಕೆಟ್ಟ ಕೆಟ್ಟ ದೃಶ್ಯಗಳು ಕಣ್ಣಿಗೆ ಕಟ್ಟಿ ನಿದ್ದೆಗೆಟ್ಟ ಚಾರ್ಲ್ಸ್ ರೀಡ್ ಎಂಬ ಖಾಸಗಿ ಪತ್ತೇದಾರ, ಅವುಗಳ ಮೂಲ ಹುಡುಕುತ್ತ ಬಾಸ್ಟನ್ನಿನಿಂದ ಅಲ್ಲಿಗೆ ಬರುತ್ತಾನೆ. ಎಲ್ಲದರ ಬುಡದಲ್ಲಿ ಇರುವುದು ಮನುಷ್ಯನನ್ನು ಇರುವೆಯಷ್ಟೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಪುರಾತನ ಶಕ್ತಿ. ಇಂಥ ಕಥೆಗಳಿಗೆ ಕಾಸ್ಮಿಕ್ ಹಾರರ್ ಎನ್ನುತ್ತಾರೆ. ನಾವು ವಿಶ್ವಭಯ ಎನ್ನೋಣ.

ಮೊದಲೇ ಒಂದು ಮಾತು. ಈ ಆಟ ಹದಿನೆಂಟು ತುಂಬಿದವರಿಗೆ ಮಾತ್ರವೆಂದು ಯುರೋಪಿನಲ್ಲಿ ಡಬ್ಬಿಯ ಮೇಲೆಯೇ ಅಚ್ಚು ಹಾಕಿದ್ದಾರೆ. ಐದನೆಯ ಇಯತ್ತೆಯ ಮಗುವಿನ ಕೈಗೆ ಇದನ್ನು ಕೊಡುವ ತಂದೆತಾಯಿಗಳಿದ್ದರೆ ಅವರಿಗೆ ಠರಾವು ಸಾಲದು, ಎದುರಿಗೇ ನಾಲ್ಕು ಮಾತು ಆಡಬೇಕು. ನಾವಿಲ್ಲಿ ಹೇಳುತ್ತಿರುವುದು ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರ ಸಂಗತಿ.

ಹಿರಿಯರ ಮೊದಲನೆಯ ಆಕ್ಷೇಪ, ಭೂತದ ಕಥೆಯಿಂದ ಬುದ್ಧಿ ಕೆಡುತ್ತದೆ ಎಂಬುದು. ಯಾರ ಬುದ್ಧಿ ಕೆಟ್ಟಿತು, ಸ್ವಾಮಿ? ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿದ ತಲೆಮಾರು ಯಾವುದು? ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಆ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡ ನಾಡಿಗೆ ಓದುವ ಚಟ ಹಿಡಿಸಿದರು. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ರಾತ್ರಿಯೆಲ್ಲ ಸುತ್ತಿದವರೇ ಇಂದು ಆರಾಮಕುರ್ಚಿಯಲ್ಲಿ ಕುಳಿತು ಠರಾವಿನ ಕರಡು ತಿದ್ದುತ್ತಿದ್ದಾರೆ. ಇನ್ನು ಭೂತವೆಂಬ ಹೆಸರಿಗೇ ಅಂಜುವುದಾದರೆ, ನಮ್ಮಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯ ಸದಸ್ಯರು ಎಷ್ಟು ಮಂದಿಯಿಲ್ಲ? ಅವರ ಊರಿನ ಭೂತ ಕೋಲದ ದಿನ ಎದುರಿಗೆ ನಿಂತು ಮಾತನಾಡುತ್ತದೆ. ಮನೆಯ ಜಗಳ, ಗದ್ದೆಯ ಗಡಿ ಎಲ್ಲವನ್ನೂ ಕೇಳಿ ತೀರ್ಪು ಕೊಡುತ್ತದೆ. ಓಕ್‌ಮಾಂಟಿನ ಶಕ್ತಿಗೆ ಅಹವಾಲು ಸಲ್ಲಿಸುವ ಸೌಲಭ್ಯವೂ ಇಲ್ಲ.

ಎರಡನೆಯ ಆಕ್ಷೇಪ ಕಾಲಹರಣದ್ದು. ಇಲ್ಲಿ ನಾವು ಆಟಕ್ಕೆ ಮೆಚ್ಚುಗೆ ಹೇಳಲೇಬೇಕು. ಹೆಚ್ಚಿನ ಆಟಗಳಲ್ಲಿ ಎಲ್ಲಿಗೆ ಹೋಗಬೇಕೆಂಬುದಕ್ಕೆ ಪರದೆಯ ಮೇಲೆ ಗುರುತು ಮೂಡುತ್ತದೆ, ಕುರಿಯ ಹಾಗೆ ಹಿಂದೆ ನಡೆದರಾಯಿತು. ಇಲ್ಲಿ ಹಾಗಿಲ್ಲ. ಸಾಕ್ಷಿ ಹೇಳಿದ ಬೀದಿಯ ಹೆಸರನ್ನು ನಕ್ಷೆಯಲ್ಲಿ ತಾನೇ ಹುಡುಕಿ ಗುರುತು ಹಾಕಿಕೊಳ್ಳಬೇಕು. ಸುಳಿವು ಕಡಿದುಹೋದರೆ ಪೊಲೀಸ್ ಠಾಣೆ, ಆಸ್ಪತ್ರೆ, ನಗರಸಭೆ, ಪತ್ರಿಕಾ ಕಚೇರಿ ಇವುಗಳ ದಫ್ತರಕ್ಕೆ ಹೋಗಿ ಕಡತ ಕೇಳಬೇಕು. ಯಾವ ಅವಧಿ, ಯಾವ ಬಡಾವಣೆ, ಯಾವ ಬಗೆಯ ಪ್ರಕರಣ ಎಂಬುದನ್ನು ಸರಿಯಾಗಿ ಸೂಚಿಸಿದರೆ ಮಾತ್ರ ಕಾಗದ ಕೈಗೆ ಬರುತ್ತದೆ, ತಪ್ಪಿದರೆ ಬರಿಗೈ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆಯೇ ಕೂದಲು ನರೆಸಿಕೊಂಡ ನಮಗೆ, ಕಾಗದವನ್ನು ಸರಿಯಾಗಿ ಕೇಳುವುದು ಎಂಥ ವಿದ್ಯೆಯೆಂದು ಗೊತ್ತು. ಪದವಿ ಪಡೆದು ಬಂದ ಎಷ್ಟೋ ಮಂದಿಗೆ ಅದು ಬರುವುದಿಲ್ಲ. ಒಂದು ಆಟ ಅದನ್ನು ಪುಕ್ಕಟೆಯಾಗಿ ಕಲಿಸುತ್ತಿದ್ದರೆ ಬೇಡವೆನ್ನಲು ನಾವು ಯಾರು? ಸರ್ಕಾರವೂ 2025ರ ಆಗಸ್ಟಿನಲ್ಲಿ ಆನ್‌ಲೈನ್ ಆಟಗಳಿಗೆ ಕಾಯಿದೆ ತಂದಾಗ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು. ಉಳಿದವನ್ನು ಬೇರೆಯಾಗಿಯೇ ಇಟ್ಟಿತು. ಆ ವಿವೇಚನೆ ನಮ್ಮ ಠರಾವಿನಲ್ಲಿ ಕಾಣುವುದಿಲ್ಲ.

ಇಲ್ಲಿಗೆ ಹುಡುಗರು ಚಪ್ಪಾಳೆ ತಟ್ಟಿರಬೇಕು. ಈಗ ಅವರ ಸರದಿ.

ಈ ವಿಶ್ವಭಯದ ಕಥೆಗಳಿಗೆಲ್ಲ ಮೂಲಪುರುಷ ಹೊವಾರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್. 1890ರಲ್ಲಿ ಅಮೆರಿಕೆಯ ಪ್ರಾವಿಡೆನ್ಸ್ ನಗರದಲ್ಲಿ ಹುಟ್ಟಿ 1937ರಲ್ಲಿ ಅಲ್ಲಿಯೇ ಬಡತನದಲ್ಲಿ ತೀರಿಕೊಂಡ. ಹದಿಹರೆಯದಲ್ಲಿಯೇ ಊರಿನ ಪತ್ರಿಕೆಗಳಿಗೆ ಖಗೋಳಶಾಸ್ತ್ರದ ಅಂಕಣ ಬರೆದವನು. 1930ರಲ್ಲಿ ಪ್ಲೂಟೋ ಪತ್ತೆಯಾದಾಗ ಅದನ್ನು ಕೂಡಲೇ ತನ್ನ ಕಥೆಯೊಳಗೆ ಎಳೆದುಕೊಂಡವನು. ವಿಶ್ವ ಅಪಾರವಾದದ್ದು, ಅದಕ್ಕೆ ನಮ್ಮ ಗೊಡವೆಯಿಲ್ಲ, ಅದನ್ನು ಹೆಚ್ಚು ತಿಳಿದವನಿಗೆ ಹುಚ್ಚು ಹಿಡಿಯುತ್ತದೆ ಎಂಬುದು ಅವನ ಸಿದ್ಧಾಂತ. ಆಟದಲ್ಲಿಯೂ ಹಾಗೆಯೇ, ರೀಡ್ ನೋಡಬಾರದ್ದನ್ನು ನೋಡಿದಾಗಲೆಲ್ಲ ಅವನ ಬುದ್ಧಿಸ್ಥಿಮಿತದ ಗೆರೆ ಇಳಿಯುತ್ತ ಹೋಗುತ್ತದೆ. ವಿಜ್ಞಾನದ ಪದವಿಗಾಗಿ ನಾಲ್ಕಕ್ಷರ ಓದಿದ ನಮಗೆ ಇದು ಒಪ್ಪುವ ಮಾತಲ್ಲ. ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ನಾರಾಯಣಗಾಂವ್ ಬಳಿಯ ಖೋಡದಕ್ಕೆ ಹೋಗಿ ನೋಡಿ. 45 ಮೀಟರ್ ಅಗಲದ ಮೂವತ್ತು ಆಂಟೆನಾಗಳು ಹೊಲಗದ್ದೆಗಳ ನಡುವೆ ನಿಂತು, ಕೋಟ್ಯಂತರ ವರ್ಷಗಳ ಹಿಂದೆ ಹೊರಟ ರೇಡಿಯೊ ಅಲೆಗಳಿಗೆ ಹಗಲಿರುಳೂ ಕಿವಿಗೊಡುತ್ತಿವೆ. ಅಲ್ಲಿ ಕೆಲಸ ಮಾಡುವವರು ಸಂಜೆ ಮನೆಗೆ ಹೋಗಿ ಚಹಾ ಕುಡಿಯುತ್ತಾರೆ. 2025ರ ಮೇ ತಿಂಗಳಲ್ಲಿ ಇದೇ ಪುಣೆಯಲ್ಲಿ ತೀರಿಕೊಂಡ ಜಯಂತ ನಾರಳೀಕರರು ಬದುಕಿಡೀ ವಿಶ್ವದ ಆದಿಯನ್ನೇ ಚಿಂತಿಸಿದವರು; ಹುಚ್ಚು ಹಿಡಿಯುವುದಿರಲಿ, ಮಕ್ಕಳಿಗೂ ತಿಳಿಯುವಂತೆ ಮರಾಠಿಯಲ್ಲಿ ಕಥೆ ಬರೆದರು.

ಹಾಗಾದರೆ ಲವ್‌ಕ್ರಾಫ್ಟನಿಗೆ ಆ ಭಯ ಎಲ್ಲಿಂದ ಬಂತು? ಆಕಾಶದಿಂದಲೇ ಎಲ್ಲವೂ ಇಳಿಯಲಿಲ್ಲ, ಬಹುಪಾಲು ಅವನ ಬೀದಿಯಿಂದಲೇ ಬಂತು. 1924ರಲ್ಲಿ ಮದುವೆಯಾಗಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗಕ್ಕೆ ಬಂದು ನೆಲೆಸಿದ. ಸುತ್ತಲೂ ಇಟಲಿಯವರು, ಸಿರಿಯಾದವರು, ಯಹೂದಿಗಳು, ಕರಿಯರು. ಹೊಟ್ಟೆಪಾಡಿಗೆ ಬಂದ ಜನ. ಅವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಅವನ ಪತ್ರಗಳ ತುಂಬ ಆ ಜನರ ಮೇಲಿನ ಬೈಗುಳ. 1925ರಲ್ಲಿ ಆ ಬೈಗುಳವನ್ನೇ ಕಥೆ ಮಾಡಿ, ಬ್ರೂಕ್ಲಿನ್ನಿನ ರೆಡ್ ಹುಕ್ ಬಡಾವಣೆಯ ವಲಸಿಗರೆಲ್ಲ ನೆಲಮಾಳಿಗೆಗಳಲ್ಲಿ ಪಿಶಾಚಿಯ ಪೂಜೆ ನಡೆಸುವವರೆಂದು ಬರೆದ. ಗಮನಿಸಿ, ಆ ಕಥೆಯಲ್ಲಿ ಅದನ್ನು ಪತ್ತೆ ಮಾಡುವವನು ಒಬ್ಬ ಪತ್ತೇದಾರ! ಇಷ್ಟಾಗಿ ಅವನ ಕೈಹಿಡಿದ ಸೋನಿಯಾ ಗ್ರೀನ್ ಉಕ್ರೇನಿನಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ತಾನೂ ವಲಸೆ ಬಂದವಳು. ಆಕೆಯ ದುಡಿಮೆಯಿಂದಲೇ ಮನೆ ನಡೆಯಿತು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಅಲ್ಲವೇ?

ಮುಂದೆ 1931ರಲ್ಲಿ ಬರೆದ ಇನ್ಸ್‌ಮತ್ ಎಂಬ ಕಡಲೂರಿನ ಕಥೆ ಈ ಆಟಕ್ಕೆ ನೇರವಾದ ಬೇರು. ಆ ಊರಿನವರಿಗೆ ಎವೆಯಿಕ್ಕದ ಕಣ್ಣು, ಮೀನಿನ ಮೈಚರ್ಮ. ಹಿಂದಿನವರು ಕಡಲಿನ ಜೀವಿಗಳೊಡನೆ ರಕ್ತಸಂಬಂಧ ಬೆಳೆಸಿದ್ದರ ಫಲ. ಕಥೆ ಹೇಳುವವನು ಅಲ್ಲಿಂದ ಹೇಗೋ ತಪ್ಪಿಸಿಕೊಂಡು ಬರುತ್ತಾನೆ. ಆಮೇಲೆ ತನ್ನ ವಂಶಾವಳಿ ಕೆದಕಿದಾಗ ತಾನೂ ಅದೇ ಕುಲದವನೆಂದು ತಿಳಿಯುತ್ತದೆ. ಇದರಲ್ಲಿ ಹೆದರಬೇಕಾದದ್ದೇನು? ಬೆರಕೆ ರಕ್ತ. ಲವ್‌ಕ್ರಾಫ್ಟನ ಪಾಲಿಗೆ ಅದಕ್ಕಿಂತ ಭಯಂಕರವಾದದ್ದು ಇರಲಿಲ್ಲ.

ಓಕ್‌ಮಾಂಟಿಗೆ ಇದೇ ಇನ್ಸ್‌ಮತ್‌ನಿಂದ ನಿರಾಶ್ರಿತರು ಬಂದು ಸೇರಿದ್ದಾರೆ. ಊರವರಿಗೆ ಅವರನ್ನು ಕಂಡರಾಗದು. ರೀಡ್‌ನಿಗೂ ಅಷ್ಟೇ ಮರ್ಯಾದೆ. ಹೆಜ್ಜೆಹೆಜ್ಜೆಗೆ ಅವನನ್ನು 'ಹೊಸಬ' ಎಂದು ಕರೆದು ಮೂಗು ಮುರಿಯುತ್ತಾರೆ. ಆಟ ತಯಾರಿಸಿದವರು ದಡ್ಡರಲ್ಲ. ಆ ಕಾಲದಲ್ಲಿ ಅಲ್ಪಸಂಖ್ಯಾತರನ್ನು ಕೆಟ್ಟದಾಗಿ ನಡೆಸಿಕೊಂಡದ್ದು ತಪ್ಪು, ಇಂದಿಗೂ ತಪ್ಪು, ಮುಚ್ಚಿಡಬಾರದೆಂದು ತೋರಿಸಿದ್ದೇವೆ ಎಂದು ಆಟದ ಆರಂಭದಲ್ಲಿಯೇ ಹೇಳಿಕೊಂಡಿದ್ದಾರೆ. ಸಂತೋಷ. ಆದರೆ ಮುಂದೇನು? ನಿರಾಶ್ರಿತನ ಮುಖ ನಿಜವಾಗಿಯೂ ಮೀನಿನದೇ. ಅವರ ಗುಪ್ತ ಪಂಥ ನಿಜವಾಗಿಯೂ ಇದೆ. ಅವರು ಪೂಜಿಸುವ ಕಡಲಿನ ದೈವವೂ ಆ ಆಟದ ಲೋಕದಲ್ಲಿ ಸುಳ್ಳಲ್ಲ. ಊರವರ ಸಂಶಯ ತಪ್ಪೆಂದು ಬಾಯಲ್ಲಿ ಹೇಳಿ, ಅದೇ ಸಂಶಯಕ್ಕೆ ಕಥೆಯಲ್ಲಿ ರುಜುವಾತು ಒದಗಿಸಿದ ಹಾಗಾಯಿತು. ಇದು ಮೇಲಿನ ಟಿಪ್ಪಣಿ ಒಂದು, ಕೆಳಗಿನ ಆದೇಶ ಇನ್ನೊಂದು ಎಂಬಂಥ ಕಡತ.

ಆಟ ಬರಿ ಆಟ, ಅಷ್ಟೆಲ್ಲ ಯೋಚಿಸುವವರು ಯಾರು ಎನ್ನುತ್ತಾರೆ ಹುಡುಗರು. ನೀವೇ ಯೋಚಿಸಬೇಕು ಮಕ್ಕಳೇ, ಏಕೆಂದರೆ ಆ ಮೀನಿನ ಮುಖ ನಿಮ್ಮದೇ. 1966ರ ಜೂನಿನಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಮೊದಲ ಸಿಟ್ಟು ಯಾರ ಮೇಲೆ ಹರಿಯಿತು? ದಕ್ಷಿಣದವರ ಮೇಲೆ, ಕಚೇರಿಯ ಗುಮಾಸ್ತರ ಮೇಲೆ, ಬೆರಳಚ್ಚಿನವರ ಮೇಲೆ, ಉಡುಪಿ ಹೋಟೆಲುಗಳ ಮೇಲೆ. ಲುಂಗಿ ಉಟ್ಟವನೆಲ್ಲ ಅಂದು ಇನ್ಸ್‌ಮತ್‌ನವನೇ. ಇದನ್ನು ನೆನೆದು ಕಣ್ಣೀರಿಡುವುದು ಸುಲಭ, ನಮ್ಮ ಸಂಘಗಳ ಹಳೆಯ ಸಂಚಿಕೆಗಳಲ್ಲಿ ಬೇಕಾದಷ್ಟು ಕಣ್ಣೀರಿದೆ. ಕಷ್ಟದ ಲೆಕ್ಕ ಬೇರೆ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ಕೈಮಾಡಿದವರು ಯಾರು? 2016ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ನಂಬರು ನೋಡಿ ಬಸ್ಸುಗಳಿಗೆ ಬೆಂಕಿಯಿಟ್ಟವರು ಯಾರು? ಅವರ ಮನೆಮಾತು ನಮ್ಮದೇ.

ಇದಕ್ಕೂ ನೇರವಾದ ಉದಾಹರಣೆ 2012ರ ಆಗಸ್ಟ್. ಅಸ್ಸಾಮಿನ ಗಲಭೆಯ ನಂತರ ಪುಣೆಯಲ್ಲಿ ಈಶಾನ್ಯದ ಕೆಲವು ಯುವಕರ ಮೇಲೆ ಹಲ್ಲೆಯಾಯಿತು. ಬೆನ್ನಿಗೇ ಮೊಬೈಲಿನಲ್ಲಿ ಗಾಳಿಸುದ್ದಿ ಹಬ್ಬಿ, ಪುಣೆಯಿಂದಲೂ ಬೆಂಗಳೂರಿನಿಂದಲೂ ಸಾವಿರಾರು ಜನ ಸಿಕ್ಕ ರೈಲು ಹತ್ತಿ ಗುವಾಹಾಟಿಯ ಕಡೆಗೆ ಓಡಿದರು. ರೈಲ್ವೆಯವರು ವಿಶೇಷ ಗಾಡಿ ಬಿಟ್ಟರು, ಸರ್ಕಾರ ಗುಂಪು ಸಂದೇಶಗಳಿಗೆ ಮಿತಿ ಹೇರಿತು. ಆ ಭಯಕ್ಕೆ ಯಾವ ಕಡಲದೈವವೂ ಬೇಕಾಗಲಿಲ್ಲ. ಮುಖದ ಆಕಾರ ಬೇರೆಯಾಗಿದ್ದರೆ ಸಾಕಾಗಿತ್ತು. ನಮಗೆ ಅನ್ನ ಕೊಟ್ಟ ನಗರ, ನಮ್ಮದೆನ್ನುವ ನಗರ, ಎರಡೂ ಒಂದೇ ವಾರದಲ್ಲಿ ಓಕ್‌ಮಾಂಟ್ ಆದವು.

ಇನ್ನು ಖರಾಡಿಗೆ ಬರೋಣ. 1997ರಲ್ಲಿ ಮಹಾನಗರಪಾಲಿಕೆಗೆ ಸೇರುವವರೆಗೆ ಇದು ಮುಳಾ-ಮುಠಾ ದಂಡೆಯ ಒಂದು ಹಳ್ಳಿ. ಐಟಿ ಪಾರ್ಕುಗಳು ಎದ್ದ ಮೇಲೆ ನಾವು ಬಂದೆವು. ಹಳ್ಳಿಯವರಿಗೆ ನಾವೇ ಹೊಸಬರು. ಹದಿನೈದು ವರ್ಷ ಕಳೆಯುವುದರೊಳಗೆ ನಾವೇ ಹಳಬರಾಗಿ, ಬಿಹಾರದಿಂದ, ಒಡಿಶಾದಿಂದ ನಿನ್ನೆ ಬಂದ ಕಾವಲುಗಾರನನ್ನು, ಗಾರೆ ಕೆಲಸದವನನ್ನು ಕಂಡು ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ "ಹೊರಗಿನವರು ಬಹಳ ಆದರು" ಎಂದು ಬರೆಯುತ್ತೇವೆ. ಅದೇ ಸಂಜೆ ಊರಿಗೆ ಫೋನು ಮಾಡಿ, ವಲಸೆ ಬಂದವರಿಂದ ಬೆಂಗಳೂರು ಕೆಟ್ಟಿತೆಂದು ಭಾವನವರ ಮಾತಿಗೆ ಹೂಂಗುಟ್ಟುತ್ತೇವೆ. ಒಂದೇ ಬಾಯಿ, ಒಂದೇ ದಿನ! ಮನೆಯಲ್ಲಿ ಇದನ್ನು ಕೇಳಿಸಿಕೊಂಡ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಓಕ್‌ಮಾಂಟಿನ ಬೀದಿಗಿಳಿದರೆ, ಅಲ್ಲಿನ ಜನರ ಮಾತು ಅವನಿಗೆ ಹೊಸದಾಗಿ ಕೇಳಿಸುವುದಾದರೂ ಹೇಗೆ?

ಆದ್ದರಿಂದ ನಿಷೇಧದ ಠರಾವನ್ನು ಕೈಬಿಟ್ಟು, ಮುಂದಿನ ಮಾಸಿಕ ಸಭೆಯ ಒಂದು ಸಂಜೆಯನ್ನು ಈ ಆಟಕ್ಕೇ ಕೊಡಬೇಕೆಂದು ನಾವು ಸೂಚಿಸುತ್ತೇವೆ. ಸಣ್ಣ ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಕೂರಿಸೋಣ. ಪ್ರೊಜೆಕ್ಟರ್ ಹೇಗೂ ಇದೆ. ಕಾಲೇಜಿನ ಹುಡುಗರು ಮೊದಲನೆಯ ಪ್ರಕರಣವನ್ನು ಎಲ್ಲರ ಮುಂದೆ ಆಡಿ, ಏನಾಗುತ್ತಿದೆಯೆಂದು ಕನ್ನಡದಲ್ಲಿ ಹೇಳಲಿ. ಓಕ್‌ಮಾಂಟಿನವರು ರೀಡ್‌ನನ್ನು ಮೊದಲ ಸಲ ಹೊಸಬ ಎಂದು ಜರೆದಾಗ ಆಟವನ್ನು ಅಲ್ಲಿಗೇ ನಿಲ್ಲಿಸಿ, ಹಿರಿಯರು ತಾವು ಪುಣೆಗೆ ಬಂದ ವರ್ಷ ತಮ್ಮನ್ನು ಇಲ್ಲಿನವರು ಏನೆಂದು ಕರೆದರೆಂಬುದನ್ನು ಹೇಳಲಿ. ತಾವು ಈಚೆಗೆ ಯಾರನ್ನು ಏನೆಂದು ಕರೆದಿರೆಂಬುದನ್ನೂ ಮರೆಯದೆ ಸೇರಿಸಲಿ. ಅದಕ್ಕೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಂಡಿರುವುದು ಒಳ್ಳೆಯದು.