ನಾಯಿ ಓಡಲಿ, ಸ್ಕೂಟರ್ ಬೆನ್ನಿಗೆ ಬೇಡ

ನಾಯಿಯನ್ನು ಸದಾ ಸರಪಳಿಯಲ್ಲಿ ಬಿಗಿದಿಟ್ಟು ತಕ್ಕಮಟ್ಟಿಗೆ ಓಡಾಡಿಸದೇ ಇರುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಹೊಡೆತ, ಹಸಿವು, ಮಿತಿಮೀರಿದ ಹೇರುಗಳ ಸಾಲಿನಲ್ಲೇ ಇದನ್ನೂ ಹೆಸರಿಸಿದೆ. ಮೊದಲ ತಪ್ಪಿಗೆ ಕಾಯ್ದೆ ಇಟ್ಟ ದಂಡ 10ರಿಂದ 50 ರೂಪಾಯಿ. ಇವತ್ತು ಆ ದುಡ್ಡಿಗೆ ಮಿರಜ್ ಸ್ಟೇಷನ್ ಹೊರಗೆ ವಡಾಪಾವ್ ಬಂದೀತು, ಅಷ್ಟೇ. ಹಾಗಾಗಿ ಈ ಕಲಮಿಗೆ ಹೆದರುವವರೂ ಇಲ್ಲ, ಇದರಡಿ ದೂರು ಕೊಡುವವರೂ ಅಪರೂಪ. ಆದರೂ ಕಾಯ್ದೆಯ ಗೊಡವೆಯಿಲ್ಲದೆ, ಸಾಕಿದ ಜೀವದ ಮೇಲಿನ ಪ್ರೀತಿಯಿಂದಲೇ ಅದನ್ನು ಪಾಲಿಸುವವರು ಸಾಂಗ್ಲಿ–ಮಿರಜ್ ನಡುವೆ ಬೆಳಗಿನ ಜಾವ ಕಾಣಸಿಗುತ್ತಾರೆ. ಸ್ಕೂಟರ್ ಮೇಲೆ ಒಡೆಯ, ಎಡಗೈಯಲ್ಲಿ ಹಗ್ಗ, ಹಗ್ಗದ ತುದಿಗೆ ನಾಲಿಗೆ ಇಳಿಬಿಟ್ಟು ಓಡುವ ನಾಯಿ. ಕೆಲವರು ಸೈಕಲ್ ಮೇಲೆ. ನೋಡುವವರಿಗೆ ಎರಡೂ ಒಂದೇ. ನನಗೆ ಹಾಗನ್ನಿಸುವುದಿಲ್ಲ. ಮೊದಲನೆಯದನ್ನು ನಿಲ್ಲಿಸಬೇಕು, ಎರಡನೆಯದನ್ನು ಕಲಿಸಬೇಕು.

ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿಯ 28ನೇ ಕಲಂ ಈ ಗೆರೆಯನ್ನು ಎರಡೇ ಮಾತಿನಲ್ಲಿ ಎಳೆದುಬಿಟ್ಟಿದೆ: ಮೋಟಾರು ವಾಹನದಲ್ಲಿ ಕೂತು ಯಾವ ಪ್ರಾಣಿಯನ್ನೂ ನಡೆಸಿಕೊಂಡು ಹೋಗುವಂತಿಲ್ಲ, ಸೈಕಲ್ ಮೇಲಿಂದಾದರೆ ನಾಯಿಯನ್ನು ಮಾತ್ರ ನಡೆಸಬಹುದು. ಕಾರಣ ಊಹಿಸಲು ಜಾಣತನ ಬೇಕಿಲ್ಲ. ಸೈಕಲ್ ತುಳಿಯುವವನ ತೊಡೆಯೂ ಬಿಗಿಯುತ್ತದೆ, ಉಸಿರೂ ಏರುತ್ತದೆ. ಪಕ್ಕದ ಜೀವದ ದಣಿವು ಅವನಿಗೆ ಕೊಂಚವಾದರೂ ತಟ್ಟುತ್ತದೆ. ಆಕ್ಸಿಲರೇಟರ್‌ಗೆ ದಣಿವಿಲ್ಲ. ಒಂದಿಷ್ಟು ತಿರುವಿದರೆ 15 ಇದ್ದ ವೇಗ 30 ಆಗುತ್ತದೆ, ಹಿಡಿದವನಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಸಂಗತಿ ನಮ್ಮ ಗೇರ್‌ರಹಿತ ಸ್ಕೂಟರ್‌ಗಳದ್ದು. ಅವುಗಳ ಹಿಂದಿನ ಬ್ರೇಕ್ ಇರುವುದು ಎಡಗೈಯಲ್ಲಿ. ಆ ಕೈಗೆ ಹಗ್ಗ ಸುತ್ತಿಕೊಂಡವನ ಪಾಲಿಗೆ ಉಳಿಯುವುದು ಮುಂದಿನ ಬ್ರೇಕ್ ಮಾತ್ರ, ಅದೂ ಆಕ್ಸಿಲರೇಟರ್ ತಿರುವುವ ಕೈಯಲ್ಲೇ. ಬೆಕ್ಕೊಂದು ಅಡ್ಡ ಬಂದರೆ ಸಾಕು, ನಾಯಿ ಮತ್ತು ಒಡೆಯ ಇಬ್ಬರೂ ಆಸ್ಪತ್ರೆ ಸೇರುತ್ತಾರೆ. ಮಿರಜ್‌ನಲ್ಲಿ ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ ಎನ್ನುವುದು ಬೇರೆ ಮಾತು.

ಈ ಸೀಮೆಯಲ್ಲಿ ಪ್ರಶ್ನೆ ಇನ್ನಷ್ಟು ತೊಡಕಾಗುವುದು ಒಂದು ತಳಿಯಿಂದ. ಮಿರಜ್ ಬಿಟ್ಟು ಕಾಗವಾಡ, ಅಥಣಿ, ಜಮಖಂಡಿ ದಾಟಿದರೆ ಮುಧೋಳ. ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ಬೇಟೆನಾಯಿಯ ಊರು. ಗಡಿಯ ಈಚೆ, ಮಹಾರಾಷ್ಟ್ರದಲ್ಲಿ, ಇದೇ ಬಳಗದ ನಾಯಿಯನ್ನು ಕಾರವಾನಿ ಎನ್ನುತ್ತಾರೆ. 2005ರಲ್ಲಿ ಮುಧೋಳ ನಾಯಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೆ ಹೋಯಿತು, 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಹೆಸರು ಗಳಿಸಿತು. ಆಮೇಲೆ ಹೊಲ ನೋಡಿರದ ಮುಧೋಳ ಮರಿಗಳು ವಿಶ್ರಾಮಬಾಗದಂಥ ಬಡಾವಣೆಗಳ ತಾರಸಿ ಹತ್ತಿದವು. ಓಡಲೆಂದೇ ಹುಟ್ಟಿದ ನಾಯಿ, ಓಡಿಸದಿದ್ದರೆ ಸೋಫಾ ಹರಿಯುತ್ತದೆ. ಆದ್ದರಿಂದ ಗಾಡಿಗೆ ಕಟ್ಟಿ ಓಡಿಸೋಣ ಎಂಬುದು ಒಡೆಯರ ತರ್ಕ.

ತರ್ಕದ ಮೊದಲರ್ಧ ಸರಿ, ಉಳಿದರ್ಧದಲ್ಲಿ ಎಡವಟ್ಟಿದೆ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಮೊಲ ಕಂಡಿತೋ, ಬಾಣ ಬಿಟ್ಟ ಹಾಗೆ ಹೋಗುತ್ತದೆ. ಆ ನಾಗಾಲೋಟದಲ್ಲಿ ಪ್ರತಿ ಜಿಗಿತಕ್ಕೆ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಆದರೆ ಅದು ಕೆಲ ನಿಮಿಷಗಳ ಆಟ. ಮೊಲ ಸಿಕ್ಕರೂ ಸರಿ, ತಪ್ಪಿಸಿಕೊಂಡರೂ ಸರಿ, ಓಟ ಮುಗಿದು ನಾಯಿ ನೆರಳು ಹುಡುಕಿ ಮಲಗುತ್ತದೆ. ಡಾಂಬರು ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್ ಒಂದೇ ಸಮನೆ ಗಾಡಿಯ ವೇಗಕ್ಕೆ ಓಡುವುದು ಬೇರೆಯೇ ಕೆಲಸ. ಜತ್ತ ಕಡೆಯ ಕುರಿಗಾರರ ನಾಯಿಗಳು ದಿನವಿಡೀ ದಣಿಯದೆ ಸುತ್ತುತ್ತವಲ್ಲ ಎಂದು ಕೇಳುವವರಿದ್ದಾರೆ. ಸುತ್ತುತ್ತವೆ, ಮೇಯುವ ಕುರಿಯ ನಡಿಗೆಗೆ ತಕ್ಕಂತೆ. ಅವು ನಡುವೆ ನಿಲ್ಲುತ್ತವೆ, ಮೂಸುತ್ತವೆ, ಬೇಲಿಯ ಬುಡದಲ್ಲಿ ಅಡ್ಡಾಗುತ್ತವೆ. ಆ ದಿನಪೂರ್ತಿಯ ಓಡಾಟವನ್ನು ಪೇಟೆಯ ನಾಯಿ ಇಪ್ಪತ್ತು ನಿಮಿಷದಲ್ಲಿ ಮುಗಿಸಬೇಕೆಂದು ನಾವು ಬಯಸುತ್ತೇವೆ.

ಅಪಾಯದ ತಿರುಳು ಇಲ್ಲೇ ಇದೆ. ಬಿಟ್ಟ ನಾಯಿ ದಣಿದರೆ ತಾನೇ ನಿಲ್ಲುತ್ತದೆ. ಗಾಡಿಗೆ ಕಟ್ಟಿದ ನಾಯಿ ನಿಲ್ಲಲಾರದು. ನಿಲ್ಲುವ ಹಕ್ಕನ್ನು ಹಗ್ಗ ಕಿತ್ತುಕೊಂಡು ಒಡೆಯನ ಕೈಗೆ ಕೊಟ್ಟಿರುತ್ತದೆ. ಒಡೆಯನನ್ನು ಬಿಟ್ಟು ಹಿಂದುಳಿಯಲಾರದ ಸ್ವಭಾವ ಬೇರೆ. ಕುಸಿಯುವ ಗಳಿಗೆಯವರೆಗೂ ಅದು ಓಡುತ್ತಲೇ ಇರುತ್ತದೆ. ಆದ್ದರಿಂದ ಸೈಕಲ್ ಮೇಲಿರುವವನ ಮೊದಲ ಕೆಲಸ ನಾಯಿಯ ಕಾಲು ನೋಡುವುದು. ನಡಿಗೆಗೂ ನಾಗಾಲೋಟಕ್ಕೂ ನಡುವಿನ ಕುಕ್ಕುಲೋಟದಲ್ಲಿ ಮುಂದಿನ ಬಲಗಾಲು ಹಿಂದಿನ ಎಡಗಾಲು ಜೊತೆಯಾಗಿ ಎದ್ದು ಬೀಳುತ್ತವೆ, ಬೆನ್ನು ಅಲುಗದೆ ಸಮನಾಗಿರುತ್ತದೆ. ನಾಯಿ ಹೆಚ್ಚು ದೂರ ಸುಖವಾಗಿ ಸಾಗುವುದು ಈ ಗತಿಯಲ್ಲೇ. ಮಧ್ಯಮ ಗಾತ್ರದ ನಾಯಿಗೆ ಅಂದಾಜು ಗಂಟೆಗೆ 10ರಿಂದ 15 ಕಿ.ಮೀ. ಬೆನ್ನು ಬಿಲ್ಲಾಗಿ ಜಿಗಿಯತೊಡಗಿತೆಂದರೆ ಸೈಕಲ್‌ ವೇಗ ಹೆಚ್ಚಾಯಿತು ಎಂದರ್ಥ. ಬೇರೆ ಸ್ಪೀಡೋಮೀಟರ್ ಬೇಕಿಲ್ಲ.

ಬಿಸಿಲಿನ ವಿಷಯ ಎಲ್ಲರಿಗೂ ಗೊತ್ತಿದೆ ಅನ್ನಿಸುತ್ತದೆ, ಆದರೆ ಅರ್ಧ ಮಾತ್ರ ಗೊತ್ತಿರುತ್ತದೆ. ನಾಯಿಗೆ ಬೆವರು ಬರುವುದು ಬಹುತೇಕ ಅಂಗಾಲಿನಲ್ಲಿ ಮಾತ್ರ. ಮೈ ತಣಿಯುವುದು ಏದುಸಿರಿನಿಂದ, ಅಂದರೆ ನಾಲಿಗೆ ಮತ್ತು ಬಾಯಿಯ ತೇವ ಆರುವುದರಿಂದ. ಗಾಳಿಯೇ ಹಸಿಯಾಗಿದ್ದರೆ ತೇವ ಆರುವುದು ಹೇಗೆ? ಏಪ್ರಿಲ್‌ನಲ್ಲಿ ಎಚ್ಚರವಾಗಿದ್ದವರು ಮಳೆ ಬಿಟ್ಟ ಸೆಪ್ಟೆಂಬರ್‌ನಲ್ಲಿ, ಕೃಷ್ಣೆಯ ದಂಡೆಯ ಬೆಚ್ಚನೆಯ ಒದ್ದೆ ಗಾಳಿಯಲ್ಲಿ, ಮೋಡ ಕವಿದಿದೆಯೆಂದು ಧೈರ್ಯವಾಗಿ ಓಡಿಸಿ ನಾಯಿಯನ್ನು ಕೆಡವುತ್ತಾರೆ. ಆರೋಗ್ಯವಂತ ನಾಯಿಯ ಮೈ ಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಒಳಗಿನ ಅಂಗಗಳಿಗೇ ಪೆಟ್ಟು. ನಾಲಿಗೆ ಅಗಲವಾಗಿ ಕಡುಗೆಂಪಾಗುವುದು, ಜೊಲ್ಲು ಅಂಟಂಟಾಗುವುದು, ಹೆಜ್ಜೆ ತಡವರಿಸುವುದು ಮೊದಲ ಸೂಚನೆಗಳು. ಆಗ ಮೊದಲು ತಣಿಸಬೇಕು, ಆಮೇಲೆ ಡಾಕ್ಟರ ಬಳಿ ಒಯ್ಯಬೇಕು. ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕುವುದೇ ತಕ್ಷಣದ ಚಿಕಿತ್ಸೆ. ಒದ್ದೆ ಟವಲ್ ಹೊದಿಸಿಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಇನ್ನು ರಸ್ತೆ: ಗಾಳಿ 25 ಡಿಗ್ರಿ ಇದ್ದಾಗಲೂ ನೇರ ಬಿಸಿಲಿನ ಡಾಂಬರು 50 ಮುಟ್ಟಬಹುದು. ಅಂಗೈ ಹಿಂಭಾಗವನ್ನು ಏಳು ಸೆಕೆಂಡು ರಸ್ತೆಗೆ ಒತ್ತಿ ಹಿಡಿಯಲಾಗದಿದ್ದರೆ ಆ ಹೊತ್ತು ನಾಯಿಗೆ ಹೇಳಿದ್ದಲ್ಲ.

ಹಾಲು-ರೊಟ್ಟಿ ತಿನ್ನಿಸಿದ ಕೂಡಲೇ ಹೊರಡುವ ರೂಢಿಯೂ ಕೆಟ್ಟದ್ದು. ಆಳವಾದ ಎದೆಗೂಡಿನ ತಳಿಗಳಿಗೆ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುವ ಅಪಾಯವಿದೆ. ಗಂಟೆಗಳೊಳಗೆ ಜೀವ ಹೋಗುತ್ತದೆ. ಮುಧೋಳ, ಡಾಬರ್‌ಮನ್, ಗ್ರೇಟ್ ಡೇನ್ ಎಲ್ಲವೂ ಆ ಗುಂಪಿನವು. ಓಟ ಮೊದಲು, ಊಟ ಆಮೇಲೆ, ನಡುವೆ ಒಂದು ಗಂಟೆಯಾದರೂ ಬಿಡುವು. ಎಲುಬಿನ ತುದಿಗಳು ಗಟ್ಟಿಯಾಗದ ಮರಿಯನ್ನು, ಅಂದರೆ ದೊಡ್ಡ ತಳಿಯಾದರೆ ಸುಮಾರು ಒಂದೂವರೆ ವರ್ಷದೊಳಗಿನದನ್ನು, ಸೈಕಲ್ ಹತ್ತಿರ ತರಲೇಬಾರದು. ಮೂತಿ ಚಪ್ಪಟೆಯಾದ ಪಗ್‌ಗೆ ಈ ಆಟ ಎಂದಿಗೂ ಇಲ್ಲ. ಉಣ್ಣೆ ಕಡಿತದಿಂದ ಬರುವ ಜ್ವರವನ್ನೂ ನಾವು ಲಘುವಾಗಿ ಕಾಣುತ್ತೇವೆ. ರಕ್ತ ಕಡಿಮೆಯಾದ ನಾಯಿ ಮನೆಯಲ್ಲಿ ಬಾಲ ಅಲ್ಲಾಡಿಸುತ್ತಲೇ ಇರುತ್ತದೆ, ರಸ್ತೆಯಲ್ಲಿ ಕುಸಿಯುತ್ತದೆ.

ಕಟ್ಟುವ ಬಗೆಯಲ್ಲೂ ಒಂದು ಎಡವಟ್ಟು ವಿಡಿಯೊಗಳಿಂದ ಬಂದಿದೆ. ಯುರೋಪು, ಅಮೆರಿಕದ ಬಹುಪಾಲು ಕಡೆ ಬಲಬದಿಯ ಸಂಚಾರ. ಅಲ್ಲಿ ನಾಯಿ ಸೈಕಲ್‌ನ ಬಲಕ್ಕೆ, ರಸ್ತೆಯಂಚಿಗೆ ಓಡುತ್ತದೆ. ಅದನ್ನೇ ಇಲ್ಲಿ ನಕಲು ಮಾಡಿದರೆ ನಾಯಿ ಬಸ್ಸಿನ ಚಕ್ರದ ಕಡೆಗೆ ಬರುತ್ತದೆ. ನಮ್ಮಲ್ಲಿ ಅದರ ಜಾಗ ಎಡಕ್ಕೆ. ಹಗ್ಗವನ್ನು ಹ್ಯಾಂಡಲ್‌ಗೆ ಸುತ್ತುವುದು ಎಲ್ಲಕ್ಕಿಂತ ಅಪಾಯ: ಇಪ್ಪತ್ತೈದು ಕಿಲೋ ತೂಕ ಒಮ್ಮೆಲೇ ಎಳೆದರೆ ಮುಂದಿನ ಚಕ್ರ ತಿರುಗಿ ಸವಾರ ನೆಲಕ್ಕೆ. ಎಳೆತ ಕೆಳಮಟ್ಟದಲ್ಲಿ, ಸೀಟಿನ ಕೆಳಗಿನ ಕಂಬಕ್ಕೆ ಬೀಳಬೇಕು. ಅಲ್ಲಿಂದ ಹೊರಚಾಚಿದ ಒಂದು ಸರಳು, ಜರ್ಕು ನುಂಗಲು ಸ್ಪ್ರಿಂಗ್, ಕಂಬಕ್ಕೋ ಗಿಡಕ್ಕೋ ಸಿಕ್ಕಿಕೊಂಡರೆ ತಾನೇ ಬಿಟ್ಟುಕೊಳ್ಳುವ ಕೊಂಡಿ. ಆನ್‌ಲೈನ್‌ನಲ್ಲಿ ಸಿಗುತ್ತದೆ, ಕುಪ್ವಾಡ ಎಂಐಡಿಸಿಯ ವರ್ಕ್‌ಶಾಪಿನವರಿಗೆ ಚಿತ್ರ ತೋರಿಸಿದರೆ ಮಾಡಿಯೂ ಕೊಟ್ಟಾರು. ಕೊರಳಪಟ್ಟಿಗೆ ಬದಲು ಎದೆಯನ್ನು ಹಿಡಿಯುವ ಹಾರ್ನೆಸ್ ಬೇಕು. ಮೊದಲ ಕೆಲ ವಾರ ಸೈಕಲ್ ಹತ್ತುವುದೇ ಬೇಡ. ತಳ್ಳಿಕೊಂಡು ನಡೆಯಬೇಕು, ಚಕ್ರದ ಸದ್ದಿಗೆ, ತಿರುವಿಗೆ ನಾಯಿ ಹೊಂದಿಕೊಳ್ಳಬೇಕು. ದೊಡ್ಡ ಮನೆಗಳಲ್ಲಿ ಈ ಕೆಲಸ ಸಂಬಳದ ಹುಡುಗನ ತಲೆಗೆ ಬೀಳುತ್ತದೆ. ತನಗಿಂತ ಬಲವುಳ್ಳ ನಾಯಿಯನ್ನು ಕಟ್ಟಿದ ಸೈಕಲ್ ಮೇಲೆ ಹದಿನಾಲ್ಕರ ಹುಡುಗನನ್ನು ಕೂರಿಸುವವರಿಗೆ ಏನನ್ನಬೇಕೋ ತಿಳಿಯದು.

ಯುರೋಪಿನ ಸಲಹೆಗಾರರು ಯೋಚಿಸುವ ಅಗತ್ಯವೇ ಬೀಳದ ಒಂದು ಸಂಗತಿ ನಮ್ಮ ಓಣಿಗಳಲ್ಲಿದೆ. ಬೀದಿನಾಯಿ. ಪ್ರತಿ ಓಣಿಗೂ ಒಂದು ಹಿಂಡು, ಪ್ರತಿ ಹಿಂಡಿಗೂ ಗಡಿ. ಕಟ್ಟಿದ ನಾಯಿ ಓಡುತ್ತ ಬರುವುದು ಅವುಗಳಿಗೆ ಯುದ್ಧದ ಕರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಸುಪ್ರೀಂ ಕೋರ್ಟ್‌ನ 2025ರ ಆಗಸ್ಟ್ 22ರ ಆದೇಶವೂ ಹೇಳುವುದು ಒಂದೇ: ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡಿ, ಕೋರ್ಟ್ ಆದೇಶದ ಪ್ರಕಾರ ರೇಬೀಸ್ ಶಂಕೆಯವು, ಮೇಲೆರಗುವಂಥವು ಮಾತ್ರ ಹೊರತು. ಅದೇ ಕೋರ್ಟ್‌ನ ಅದೇ ವರ್ಷದ ನವೆಂಬರ್ 7ರ ಆದೇಶ ಆಸ್ಪತ್ರೆ, ಶಾಲೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಲು ಹೇಳಿತು. ಆಸ್ಪತ್ರೆಗಳೂ ಜಂಕ್ಷನ್ನೂ ಇರುವ ಮಿರಜ್‌ಗೆ ಅದು ದೊಡ್ಡ ಮಾತೇ, ಆದರೆ ಓಣಿಯ ಹಿಂಡು ಓಣಿಯಲ್ಲೇ ಇರುತ್ತದೆ. ಸೈಕಲ್ ಸವಾರ ಅದನ್ನು ಒಪ್ಪಿಕೊಂಡೇ ದಾರಿ ಆರಿಸಬೇಕು. ಹಿಂಡು ಎದುರಾದರೆ ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲು ನೋಡುವುದೇ ಎಲ್ಲರೂ ಮಾಡುವ ತಪ್ಪು. ಓಡುವುದನ್ನು ಅಟ್ಟುವುದು ಅವುಗಳ ಗುಣ. ಇಳಿದು, ಸೈಕಲ್ಲನ್ನೇ ಬೇಲಿಯಂತೆ ನಡುವೆ ಹಿಡಿದು, ಗಡಿ ದಾಟುವವರೆಗೆ ನಡೆಯಬೇಕು. ತನ್ನ ನಾಯಿಯಿಂದ ಬೇರೆಯವರಿಗೆ ಗಾಯವಾದರೆ ಒಡೆಯನ ಮೇಲೂ ಪ್ರಕರಣ ಬರುತ್ತದೆ ಎಂಬುದೂ ನೆನಪಿರಲಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಪ್ರಾಣಿಯನ್ನು ಹತೋಟಿಯಲ್ಲಿ ಇಡದ ಅಲಕ್ಷ್ಯಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಾದರೆ ಎಲ್ಲಿ ಓಡಿಸಬೇಕು? ಸಾಂಗ್ಲಿ–ಮಿರಜ್ ಮುಖ್ಯರಸ್ತೆ ಬೇಡವೇ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 132ನೇ ಕಲಮಿನಲ್ಲಿ ಒಂದು ಸೊಗಸಾದ ಮಾತಿದೆ: ಪ್ರಾಣಿ ಬೆದರಿ ಹತೋಟಿ ತಪ್ಪಬಹುದೆಂದು ಅದನ್ನು ನಡೆಸುವವನು ಕೇಳಿಕೊಂಡರೆ ಚಾಲಕ ವಾಹನ ನಿಲ್ಲಿಸಬೇಕು. ಎರಡು ಟ್ರೇಲರ್ ತುಂಬ ಕಬ್ಬು ಹೇರಿ, ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರ್‌ಗೆ ಕೈಯೆತ್ತಿ ಈ ಕಲಮನ್ನು ಓದಿ ಹೇಳುವ ಧೈರ್ಯ ಯಾರಿಗಿದೆ? ದಂಡೋಬಾ ಗುಡ್ಡದ ಕಾಡೂ ಆಗದು. ಅಲ್ಲಿ ಮೊಲ ಎದ್ದರೆ ಮುಧೋಳ ನಾಯಿ ಒಡೆಯನ ಮಾತು ಕೇಳುವುದಿಲ್ಲ, ಮೊಲದ ಬೇಟೆ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಡಿ ಅಪರಾಧ. ಉಳಿಯುವುದು ಮಿರಜ್ ಪೂರ್ವಭಾಗದ, ಕನ್ನಡ ಕಿವಿಗೆ ಬೀಳುವ ಬೇಡಗ, ಆರಗ ಕಡೆಯ ಹೊಲದ ದಾರಿಗಳು ಮತ್ತು ಮ್ಹೈಸಾಳ ಏತ ನೀರಾವರಿ ಕಾಲುವೆಗಳ ಮಗ್ಗುಲಿನ ಮಣ್ಣಿನ ಹಾದಿ. ಮಣ್ಣು ಅಂಗಾಲಿಗೂ ಕೀಲಿಗೂ ಹಿತ. ಮಳೆಯಲ್ಲಿ ಮಾತ್ರ ಎರೆಮಣ್ಣು ಚಕ್ರ ಹಿಡಿದು ನಿಲ್ಲಿಸುತ್ತದೆ.

ಊರಿನೊಳಗಿನವರೆಲ್ಲ ಕಾಲುವೆವರೆಗೆ ಹೋಗಲಾರರು. ಓಡಾಡಿಸದಿದ್ದರೆ ಅಪರಾಧ ಎನ್ನುವ ಕಾನೂನಿರುವಾಗ ಓಡಾಡಿಸಲು ಜಾಗ ಕೊಡುವ ಹೊಣೆ ನಗರಾಡಳಿತಕ್ಕೂ ಸೇರುತ್ತದೆ. ಸಾಂಗ್ಲಿ, ಮಿರಜ್, ಕುಪ್ವಾಡ ಮೂರು ಊರು ಸೇರಿ 1998ರಲ್ಲಿ ಹುಟ್ಟಿದ ಮಹಾನಗರ ಪಾಲಿಕೆಗೆ ಒಂದೊಂದು ಊರಿಗೆ ಒಂದು ಬೇಲಿ ಹಾಕಿದ ಬಯಲು, ಬೆಳಗ್ಗೆ ಒಂದು ಗಂಟೆ, ಹುಡುಕಿ ಕೊಡುವುದು ಕಷ್ಟವಾಗಬಾರದು. ಅಷ್ಟು ಕೊಟ್ಟ ಮೇಲೆ ಸ್ಕೂಟರಿಗೆ ನಾಯಿ ಕಟ್ಟಿದವರನ್ನು ಸಂಚಾರ ಪೊಲೀಸರು ನಿಲ್ಲಿಸಲಿ. ಬಯಲು ಸಿಕ್ಕರೆ ಎಷ್ಟೋ ನಾಯಿಗಳಿಗೆ ಸೈಕಲ್ಲೇ ಬೇಕಾಗಲಿಕ್ಕಿಲ್ಲ. ಮೂಸಿ ನೋಡುತ್ತ ಅರ್ಧ ಗಂಟೆ ಸುತ್ತುವುದೇ ಲ್ಯಾಬ್ರಡಾರ್‌ಗಳಿಗೆ ಸಾಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ಲಸಿಕೆ ಶಿಬಿರ ಮಾಡುವವರು ಅಂದೇ ತೂಕ ನೋಡಿ, ಎದೆಬಡಿತ ಕೇಳಿ, ಉಣ್ಣೆ ಹುಡುಕಿ, ಈ ನಾಯಿ ಓಡಬಹುದೇ ಇಲ್ಲವೇ ಎಂದು ಒಡೆಯನಿಗೆ ಹೇಳಿಬಿಡಲಿ. ಆ ಹೊತ್ತಿಗೆ ನಡಿಗೆಯಿಂದ ಶುರು ಮಾಡಿದ ನಾಯಿ ನವೆಂಬರ್‌ನ ಚಳಿಗೆ ಓಟಕ್ಕೆ ಸಿದ್ಧವಾಗುತ್ತದೆ. ವರ್ಷದಲ್ಲಿ ನಾಯಿಗೆ ಹಿತವಾದ ಆ ಮೂರ್ನಾಲ್ಕು ತಿಂಗಳೇ ಕಬ್ಬು ನುರಿಸುವ ಹಂಗಾಮು ಕೂಡ. ರಸ್ತೆಯೆಲ್ಲ ಟ್ರ್ಯಾಕ್ಟರ್‌ಗಳದ್ದಾಗುವುದು ಆಗಲೇ. ಪಾಲಿಕೆಯ ಬಯಲು ಸಜ್ಜಾಗಬೇಕಾದದ್ದು ಅದಕ್ಕೂ ಮುಂಚೆ, ಅಕ್ಟೋಬರ್‌ನೊಳಗೆ.